ತಗಡಿನ ವಿಮಾನದ ಬಾಗಿಲು

ಹಗರಿಬೊಮ್ಮನಹಳ್ಳಿಯ ನಮ್ಮ ತಗಡಿನ ಅಂಗಡಿಗೆ ಜನ ಬರುತ್ತಿದ್ದುದು ಎಣ್ಣೆ ಸುರಿಯುವ ಲಾಳಿಕೆ ಕೊಳ್ಳಲು, ತೂತು ಬಿದ್ದ ಕೊಡಕ್ಕೆ ಬೆಸುಗೆ ಹಾಕಿಸಲು, ಜೋಳ ತುಂಬುವ ಪೀಪಾಯಿ ಮಾಡಿಸಲು. ಚಂದ್ರನನ್ನೂ ದಾಟಿ ಹೋಗುವ ವಿಮಾನ ಬೇಕೆಂದು ಕೇಳಿಕೊಂಡು ಬಂದವರು ಬೆಂಗಳೂರಿನ ಆ ಇಬ್ಬರೇ ಮೊದಲು. ಎಂಬತ್ತರ ದಶಕದ ನಡುಭಾಗ. ನಮ್ಮ ಕಡೆ ಟಿ.ವಿ. ಆಗಷ್ಟೇ ಹಿಡಿಯತೊಡಗಿತ್ತು. ಬಂದವರಲ್ಲಿ ಒಬ್ಬರು ಧಾರಾವಾಹಿಯ ನಿರ್ದೇಶಕರು. ಇನ್ನೊಬ್ಬ ಕಲಾ ನಿರ್ದೇಶಕ, ಬಲಗೈಗೆ ದಪ್ಪ ತಾಮ್ರದ ಕಡಗ ಹಾಕಿದ್ದ. ಆಗ ನಾನೂ ಅವನನ್ನು ‘ಸಾರ್’ ಎಂದೇ ಕರೆದೆ. ಇಲ್ಲಿ ‘ಅವನು’ ಎಂದೇ ಬರೆಯುತ್ತೇನೆ.

ನಿರ್ದೇಶಕರು ಒಂದು ಚಿತ್ರ ಬಿಡಿಸಿದ ಕಾಗದ ಕೊಟ್ಟರು. ಒಂದು ಊಟದ ಗಂಗಾಳದ ಮೇಲೆ ಇನ್ನೊಂದನ್ನು ಕವುಚಿಟ್ಟ ಹಾಗಿತ್ತು. ಅಣ್ಣ ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದ.

“ಒಳಗ ಎಷ್ಟು ಮಂದಿ ನಿಂದ್ರಬೇಕ್ರಿ?”

“ನಾಲ್ಕು ಜನ. ಜೊತೆಗೆ ಕ್ಯಾಮೆರಾ.”

“ಹಾರಬೇಕೇನ್ರಿ?”

“ಹಾರೋದು ಬೇಡ. ಬಾಗಿಲು ತೆರೆದುಕೊಂಡ್ರೆ ಸಾಕು,” ಎಂದು ನಿರ್ದೇಶಕರು ನಕ್ಕರು.

“ಹಂಗಾರ ಆಕ್ಕತಿ,” ಎಂದ ಅಣ್ಣ.

ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಕತ್ತರಿ ಹಿಡಿಯುವುದರಿಂದ ಹಿಡಿದು ಬೆಸುಗೆಯ ಬಿಸಿ ನೋಡುವವರೆಗೆ ನನಗೆ ಎಲ್ಲ ಕಲಿಸಿದವನು ಅವನೇ. ಕಣ್ಣಳತೆಯಲ್ಲಿ ತಗಡು ಕತ್ತರಿಸಿದರೂ ಅಂಚಿಗೆ ಅಂಚು ಕೂಡುತ್ತಿತ್ತು.

ಕೊಟ್ಟೂರಿನ ಎಣ್ಣೆ ಮಿಲ್ಲಿನ ಸಾಹುಕಾರರು ತಮ್ಮ ಖಾಲಿ ಗೋದಾಮು ಬಿಟ್ಟುಕೊಟ್ಟರು. ಅಲ್ಲೇ ಕೆಲಸ ಹಿಡಿದೆವು. ಹಳೇ ಶೇಂಗಾ ಎಣ್ಣೆ ಡಬ್ಬಿಗಳ ತಳ ತೆಗೆದು, ಸೀಳಿ, ಮರದ ಕೊಡತಿಯಿಂದ ಬಡಿದು ಚಪ್ಪಟೆ ಮಾಡಿದೆವು. ಒಳಗಿನ ಎಲುಬುಗೂಡಿಗೆ ಕಬ್ಬಿಣದ ಆ್ಯಂಗಲ್ಲು. ಕಿಟಕಿಗಳಿಗೆ ಸೈಕಲ್ ರಿಮ್ಮು. ಒಳಗೋಡೆಗೆ ಇಡ್ಲಿ ತಟ್ಟೆಗಳನ್ನು ಸಾಲಾಗಿ ಬೋಲ್ಟು ಹಾಕಿ ಕೂಡಿಸಿ, ಅವುಗಳ ನಡುವೆ ಹಳೇ ರೇಡಿಯೊದ ತಿರುಗಿಸುವ ಗುಬುಟುಗಳನ್ನು ಸಿಕ್ಕಿಸಿದೆವು. ದುಡ್ಡಿಲ್ಲದ ಧಾರಾವಾಹಿ ಅದು, ನಿರ್ದೇಶಕರು ಅದನ್ನು ಮುಚ್ಚಿಡಲೂ ಇಲ್ಲ. ಆದರೆ ಕ್ಯಾಮೆರಾದ ಕಿಂಡಿಯಲ್ಲಿ ನನಗೊಮ್ಮೆ ನೋಡಲು ಕೊಟ್ಟಾಗ, ಆ ಇಡ್ಲಿ ತಟ್ಟೆಗಳು ಖರೇನೇ ಯಾವುದೋ ಯಂತ್ರದ ಹಾಗೆ ಕಂಡವು.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಬಾಗಿಲು. ಅದು ಪಕ್ಕಕ್ಕೆ ತೆರೆಯುವುದಲ್ಲ. ಕೆಳಗೆ ತಿರುಗಣಿ ಇದ್ದು, ಮೇಲಿನಿಂದ ಮುಂದಕ್ಕೆ ಬಾಗಿ ನೆಲಕ್ಕೆ ಇಳಿದು ಮೆಟ್ಟಿಲಾಗಬೇಕು. ಅದರ ಮೇಲೆ ಆಳು ನಡೆಯಬೇಕಾದ್ದರಿಂದ ಒಳಗೆ ಕಬ್ಬಿಣ ತುಂಬಿದ್ದೆವು. ಮೂರು ಮಂದಿ ಹಿಡಿದರೂ ಎತ್ತಲು ತ್ರಾಸು. ಹಿಂದಿನಿಂದ ಸರಪಳಿ, ರಾಟೆ, ಸುತ್ತುವ ಹಿಡಿ. ಕಥೆಯಲ್ಲಿ ಬಾಗಿಲು ಅರ್ಧಕ್ಕೆ ನಿಂತು, ನಾಯಕ ಒಳಗಿನಿಂದ ಇಣುಕಿ ಹೊಸ ಲೋಕ ನೋಡುವ ದೃಶ್ಯಗಳು ಬಹಳ ಇದ್ದವು. ಹಾಗೆ ಅರ್ಧಕ್ಕೆ ನಿಲ್ಲಿಸಲು ಸರಪಳಿಯೊಂದನ್ನೇ ನಂಬಲು ಅಣ್ಣ ಒಪ್ಪಲಿಲ್ಲ. ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ಪಟ್ಟಿ ಆಸರೆ ಕೊಟ್ಟು, ಒಂದೊಂದಕ್ಕೂ ಬೆರಳು ಗಾತ್ರದ ಕೀಲು ಹಾಕಿದ. ಕೀಲಿನ ತಲೆಗೆ ಕೆಂಪು ಅರಿವೆ ಕಟ್ಟಿದ.

“ಅರಿವಿ ಯಾಕ?” ಎಂದು ಕೇಳಿದೆ.

“ಇದು ಹೊರಗ ಬಂದ್ರ ದೂರದಿಂದನ ಗೊತ್ತಾಗಬೇಕು.”

ಕಲಾ ನಿರ್ದೇಶಕನಿಗೆ ಆ ಅರಿವೆ ಕಂಡರೆ ಆಗುತ್ತಿರಲಿಲ್ಲ. “ಏನ್ರೀ ಇದು, ಎತ್ತಿನ ಗಾಡಿಗೆ ಕಟ್ಟಿದ ಹಾಗೆ?” ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದ. ಅಣ್ಣ ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದ: “ಚಿತ್ರದಾಗ ಕಂಡ್ರ ಕಾಣ್ಲಿ ಬಿಡ್ರಿ.”

ಕೂಡ್ಲಿಗಿಯಿಂದ ಕೊಟ್ಟೂರಿಗೆ ಬರುವ ದಾರಿಯಲ್ಲಿ, ಬಂಡೆಗಳ ನಡುವಿನ ಬಯಲಲ್ಲಿ ವಿಮಾನ ನಿಲ್ಲಿಸಿ ಚಿತ್ರೀಕರಣ ನಡೆಸಿದರು. ಎಂಟನೆಯದೋ ಒಂಬತ್ತನೆಯದೋ ದಿನ, ಟ್ರ್ಯಾಕ್ಟರಿನ ಎರಡು ದೀಪ ತರಲು ನನ್ನನ್ನು ಹಡಗಲಿಗೆ ಕಳಿಸಿದ್ದರು. ಮಧ್ಯಾಹ್ನ ತಿರುಗಿ ಬರುವಷ್ಟರಲ್ಲಿ ಬಯಲು ಬಿಕೋ ಎನ್ನುತ್ತಿತ್ತು. ಬಾಗಿಲು ಸೊಟ್ಟಗೆ ನೆಲ ಕಚ್ಚಿತ್ತು. ಅದರ ಅಂಚಿನ ಮೇಲೆ ನೊಣ ಮುತ್ತಿದ್ದವು.

ಅಣ್ಣನನ್ನು ಆಗಲೇ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಊಟದ ಬಿಡುವು ಮುಗಿದ ಮೇಲೆ ಅರ್ಧ ತೆರೆದಿದ್ದ ಬಾಗಿಲಿನ ತಿರುಗಣಿ ಕಿರುಗುಟ್ಟುತ್ತದೆಂದು ಗ್ರೀಸು ಹಚ್ಚಲು ಅಣ್ಣ ಬಲಗಡೆಯಿಂದ ಕೈ ಹಾಕಿದ್ದನಂತೆ. ಬಲಗಡೆಯ ಕೀಲಿನ ಕೆಂಪು ಅರಿವೆ ಕಣ್ಣೆದುರಿಗೇ ಇತ್ತು. ಎಡಗಡೆಯದನ್ನು ಸುತ್ತಿ ಹೋಗಿ ನೋಡಿರಲಿಲ್ಲ. ಎಡಗಡೆ ಕೀಲು ಇರಲೇ ಇಲ್ಲ. ಒಂದೇ ಆಸರೆಯ ಮೇಲೆ ನಿಂತ ಬಾಗಿಲು ತಿರುಚಿಕೊಂಡು, ಸರಪಳಿಯ ಕೊಂಡಿ ಬಿಚ್ಚಿ, ಬಲಗಡೆಯ ಕೀಲನ್ನೂ ಕತ್ತರಿಸಿಕೊಂಡು ಬಿತ್ತು. ಬಲಗೈಯ ನಾಲ್ಕು ಬೆರಳು ಹೋದವು. ಹೆಬ್ಬೆರಳೊಂದು ಉಳಿಯಿತು.

ಮರುದಿನ ಕಲಾ ನಿರ್ದೇಶಕ ಆಸ್ಪತ್ರೆಗೆ ಬಂದ. ಕೈಯಲ್ಲಿ ಕಿತ್ತಳೆ ಹಣ್ಣು, ಜೇಬಿನಲ್ಲಿ ಒಂದು ಕಾಗದ. ಅಣ್ಣ ಔಷಧದ ಮಂಪರಿನಲ್ಲಿದ್ದ. ಅವನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ನಾನಾಗ ಹೊರಗೆ ಗುಳಿಗೆ ತರಲು ಹೋಗಿದ್ದೆ. ಆ ಕಾಗದದಲ್ಲಿ, ಎಡಗಡೆಯ ಕೀಲು ಹಾಕಲು ತಾನೇ ಮರೆತದ್ದಾಗಿಯೂ, ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲವೆಂದೂ ಅಣ್ಣನ ಬಾಯಿಂದ ಹೇಳಿಸಿದಂತೆ ಬರೆದಿತ್ತೆಂದು ಆಮೇಲೆ ಗೊತ್ತಾಯಿತು.

ಮೂರು ದಿನದ ಮೇಲೆ ಅಣ್ಣನಿಗೆ ಪೂರ್ತಿ ಎಚ್ಚರವಾಯಿತು. ಆಗ ನಾನು ಕೇಳಬಾರದ್ದು ಕೇಳಿದೆ.

“ಅಣ್ಣ, ಎಡಗಡಿದು ಖರೇನ ಹಾಕಿದ್ಯಾ?”

ಅವನು ನನ್ನ ಮುಖವನ್ನೇ ನೋಡಿದ. “ಎರಡೂ ಹಾಕಿದ್ದೆ,” ಎಂದ. “ನೀನೂ ಕೇಳ್ತೀಯಲ್ಲೋ,” ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಆಮೇಲೆ ಎರಡು ವರ್ಷ ಆ ಬಾಗಿಲಿನ ಮಾತು ಅವನ ಬಾಯಿಂದ ಬರಲಿಲ್ಲ. ನಾನೂ ಎತ್ತಲಿಲ್ಲ.

ಧಾರಾವಾಹಿ ಟಿ.ವಿ.ಯಲ್ಲಿ ಬಂತು. ಮಿಲ್ಲಿನ ಸಾಹುಕಾರರ ಪಡಸಾಲೆಯಲ್ಲಿ, ಕಪ್ಪು ಬಿಳುಪು ಟಿ.ವಿ.ಯ ಮುಂದೆ ಅರ್ಧ ಓಣಿಯೇ ಕೂತು ನೋಡಿತು. ಧಾರಾವಾಹಿಯ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ, ‘ತಗಡಿನ ವಿಮಾನ’ ಎಂದೇ ಆಯಿತು. ಹೆಸರು ತೋರಿಸುವಾಗ ‘ನೌಕೆಯ ವಿನ್ಯಾಸ ಮತ್ತು ನಿರ್ಮಾಣ’ ಎಂದು ಕಲಾ ನಿರ್ದೇಶಕನ ಹೆಸರು ಬಂತು. ನಮ್ಮದು ಎಲ್ಲೂ ಇರಲಿಲ್ಲ. ಯಾವುದೋ ಪತ್ರಿಕೆಯಲ್ಲಿ ಅವನ ಮಾತೂ ಅಚ್ಚಾಗಿತ್ತು: ಹಳ್ಳಿಯ ಕೆಲಸಗಾರರ ಅಜಾಗರೂಕತೆಯಿಂದ ಆದ ಅವಘಡದ ನಂತರವೂ ತಾನೇ ಮುಂದೆ ನಿಂತು ನೌಕೆಯನ್ನು ಪೂರ್ತಿ ಮಾಡಿದೆನೆಂದು.

ಊರೂ ಅದನ್ನೇ ನಂಬಿತು. ಮಿಲ್ಲಿನ ದೊಡ್ಡ ಎಣ್ಣೆ ತೊಟ್ಟಿಯ ಕೆಲಸ ಹರಪನಹಳ್ಳಿಯವರ ಪಾಲಾಯಿತು. “ನಿಮ್ಮ ಕೆಲಸ ಚಲೋ ಐತಿ, ಆದ್ರ ತೊಟ್ಟಿ ಮಂದಿ ತಲಿ ಮ್ಯಾಲ ನಿಂದ್ರಸಬೇಕಲ್ಲಪ,” ಎಂದರು ಸಾಹುಕಾರರು, ಬೇಸರ ಮಾಡಿಕೊಳ್ಳಬೇಡ ಎನ್ನುವ ದನಿಯಲ್ಲಿ. ಹಂಪಸಾಗರದ ಒಬ್ಬ ಪೀಪಾಯಿ ಮಾಡಿಸಲು ಬಂದವನು, “ಮುಚ್ಚಳ ಬೀಳೂದಿಲ್ಲ ಹೌದಲ್ಲ?” ಎಂದು ನಕ್ಕ. ಅಣ್ಣ ಅಂಗಡಿಯ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡ. ಅಣ್ಣನಿಗೆ ಎಡಗೈಯಿಂದ ರೊಟ್ಟಿ ಮುರಿಯಲು ಬಾರದೆ, ಅತ್ತಿಗೆ ಚೂರು ಮಾಡಿ ಗಂಗಾಳದಲ್ಲಿ ಇಡುತ್ತಿದ್ದರು. ಅದನ್ನು ನೋಡುತ್ತ ಉಂಡ ಒಂದೊಂದು ಊಟದಲ್ಲೂ ಆ ಕಡಗದ ಕೈ ನನ್ನ ಕಣ್ಣ ಮುಂದೆ ಬರುತ್ತಿತ್ತು. ದೇವರಿಗೆ ಕೈ ಮುಗಿಯುವಾಗ ಏನೇನು ಬೇಡಿಕೊಂಡೆನೋ ಅದನ್ನು ಇಲ್ಲಿ ಬರೆಯಲಾರೆ.

ಎರಡು ವರ್ಷದ ಮೇಲೆ ನಿರ್ದೇಶಕರು ಮತ್ತೆ ಬಂದರು. ಧಾರಾವಾಹಿಯ ಎರಡನೆಯ ಭಾಗಕ್ಕೆ ಒಪ್ಪಿಗೆ ಸಿಕ್ಕಿತ್ತು. ಹಳೇ ವಿಮಾನ ಬೆಂಗಳೂರಿನ ಯಾವುದೋ ಷೆಡ್ಡಿನಲ್ಲಿ ಮಳೆಗೆ ತುಕ್ಕು ಹಿಡಿದು, ಗುಜರಿಗೆ ಹೋಗಿತ್ತು. ಹೊಸದು ಹಳೆಯದರ ಹಾಗೆಯೇ ಇರಬೇಕು, ಏಕೆಂದರೆ ಕಥೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

“ನಿಮ್ಮ ಹತ್ರ ಹಳೇ ಅಳತೆ ಇರ್ಬೇಕಲ್ಲ?” ಎಂದು ಕೇಳಿದರು.

ಅಳತೆ ಇರಲಿಲ್ಲ. ಅಣ್ಣನ ಕೈಯಲ್ಲಿತ್ತು, ಕೈಯೊಂದಿಗೇ ಹೋಗಿತ್ತು. “ಅದಾವ್ರಿ,” ಎಂದೆ.

“ಬೇಸರ ಇಲ್ಲ ತಾನೆ? ಕಲಾ ನಿರ್ದೇಶಕರು ಅವರೇ ಇರ್ತಾರೆ.”

“ಅವರ ಇರ್ಲಿ ಅಂತನ ನಾನೂ ಅನ್ಕೊಂಡಿದ್ದೆ,” ಎಂದೆ. ಅವರಿಗೆ ಅದರ ಅರ್ಥ ತಿಳಿಯಲಿಲ್ಲ.

ಅದೇ ಗೋದಾಮಿನಲ್ಲಿ ಕೆಲಸ ಹಿಡಿದೆ. ಮೊದಲು ಮಾಡಿದ್ದು ವಿಮಾನವನ್ನಲ್ಲ, ಸರಪಳಿಯ ಕೊಂಡಿಯನ್ನು. ಬಾಗಿಲು ಅರ್ಧಕ್ಕೆ ನಿಂತಾಗ ಅವನು ಕೆಳಗೆ ಬಗ್ಗಿ, ಕಡಗದ ಕೈಯನ್ನು ತಿರುಗಣಿಯ ಮೇಲೆ ಆಡಿಸಿ ಕ್ಯಾಮೆರಾಗೆ ಎಲ್ಲಿ ಹೊಳೆಯುತ್ತದೆ ಎಂದು ನೋಡುತ್ತಾನೆ. ಅದು ಅವನ ಚಾಳಿ. ಕಬ್ಬಿಣದ ಕೊಂಡಿಯೊಂದನ್ನು ಕೆಂಪಗೆ ಕಾಸಿ, ಬೂದಿಯಲ್ಲಿ ಹೂತು, ಒಂದು ಹಗಲು ಪೂರ್ತಿ ಮೆಲ್ಲಗೆ ಆರಲು ಬಿಟ್ಟೆ. ಹಾಗೆ ಆರಿದ ಕಬ್ಬಿಣ ಮೆತ್ತಗಾಗುತ್ತದೆ. ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತದೆ, ಭಾರ ಜಗ್ಗಿದರೆ ಬಾಯಿ ಬಿಡುತ್ತದೆ. ಮೇಲೆ ಕರಿ ಬಣ್ಣ ಹಚ್ಚಿದೆ. ಕೀಲುಗಳ ತೂತನ್ನು ಬೇಕೆಂದೇ ದೊಡ್ಡದು ಮಾಡಲು ಗುರುತು ಹಾಕಿದೆ. ಸುಳ್ಳು ಯಾಕೆ, ಆ ದಿನಗಳಲ್ಲಿ ನನಗೆ ನಿದ್ದೆ ಚೆನ್ನಾಗಿ ಬಂತು.

ಒಂದು ಬೆಳಿಗ್ಗೆ ಅಣ್ಣ ಬಸ್ಸು ಹತ್ತಿ ಕೊಟ್ಟೂರಿಗೆ ಬಂದ. ಕರೆದಿರಲಿಲ್ಲ. ಗೋದಾಮಿನಲ್ಲಿ ಸುತ್ತಾಡಿ ಒಂದೊಂದೇ ಸಾಮಾನು ಮುಟ್ಟಿ ನೋಡಿದ. ಕೊಂಡಿಯ ಹತ್ತಿರ ಬಂದು ನಿಂತ. ಕಬ್ಬಿಣ ಉಜ್ಜುವ ಅರವನ್ನು ಎಡಗೈಯಲ್ಲಿ ಹಿಡಿದು ಅದರ ಮೇಲೆ ಒಂದೇ ಸಲ ಎಳೆದ. ಬಣ್ಣದ ಕೆಳಗೆ ಕಬ್ಬಿಣ ಬೆಲ್ಲದ ಹಾಗೆ ಕೆರೆದು ಬಂತು.

“ಇದು ಯಾರಿಗೆ ಮಾಡೀಯಪ?”

ನಾನು ಅರವನ್ನು ಅವನ ಕೈಯಿಂದ ತೆಗೆದುಕೊಂಡೆ.

“ಇದರ ಕೆಳಗ ಅವನ ಬರತಾನ ಅಂತ ಹೆಂಗ ಹೇಳ್ತಿ? ಬಾಗಲಾ ಮಂದಿ ಮುಖಾ ನೋಡಿ ಬೀಳತೈತೇನ?”

“ನಿನಗ ಸಿಟ್ಟ ಬರೂದಿಲ್ಲೇನಣ್ಣ?”

“ಬರತೈತಿ,” ಎಂದ. “ಅವನ ಮ್ಯಾಲೊಂದ ಅಲ್ಲ.”

ಕೊಂಡಿಯನ್ನು ಅಲ್ಲೇ ಕಲ್ಲಿನ ಮೇಲೆ ಇಟ್ಟು, ಮಧ್ಯಾಹ್ನದ ಬಸ್ಸಿಗೆ ಹೋದ. ನಾನು ಕೊಂಡಿಯನ್ನು ಬದಲಿಸಲಿಲ್ಲ. ಬಿಸಾಡಲೂ ಇಲ್ಲ. ಅಣ್ಣ ಯಾರ ಮೇಲಿನ ಸಿಟ್ಟಿನ ಮಾತಾಡಿದ ಎಂಬುದು ನನಗೆ ಗೊತ್ತಿತ್ತು.

ಅಳತೆಗೆ ಬೇರೆ ದಾರಿ ಇರಲಿಲ್ಲ, ಹಳೇ ಧಾರಾವಾಹಿಯನ್ನೇ ನೋಡಬೇಕು. ನಿರ್ದೇಶಕರು ಅದರ ವಿಡಿಯೊ ಕ್ಯಾಸೆಟ್ಟುಗಳನ್ನು ಒಬ್ಬ ಹೆಣ್ಣುಮಗಳ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಒಂದು ದೃಶ್ಯದಿಂದ ಇನ್ನೊಂದಕ್ಕೆ ಉಡುಪು, ಸಾಮಾನು, ಜಾಗ ಹೊಂದುತ್ತದೋ ಇಲ್ಲವೋ ಎಂದು ಬರೆದಿಡುವುದು ಆಕೆಯ ಕೆಲಸ. ಮೊದಲ ಭಾಗದಲ್ಲಿ ಆಕೆ ಇರಲಿಲ್ಲ. ಕೊಟ್ಟೂರಿನಲ್ಲಿ ಆಗ ಸಿನಿಮಾ ತೋರಿಸಲು ಬಾಡಿಗೆಗೆ ಕೊಡುತ್ತಿದ್ದ ಬಣ್ಣದ ಟಿ.ವಿ., ವಿಡಿಯೊ ಡೆಕ್ಕು ತಂದು ಗೋದಾಮಿನಲ್ಲಿ ಇಟ್ಟರು.

ಪರದೆಯ ಗಾಜಿನ ಮೇಲೆ ಎಣ್ಣೆ ಕಾಗದ ಅಂಟಿಸಿ, ಚಿತ್ರವನ್ನು ನಿಲ್ಲಿಸಿ, ಪೆನ್ಸಿಲಿನಲ್ಲಿ ಅದರ ಮೇಲೆಯೇ ಗೆರೆ ಎಳೆದೆ. ನಿಲ್ಲಿಸಿದಾಗ ಚಿತ್ರ ನಡುಗುತ್ತಿತ್ತು, ನಡುವೆ ಬಿಳಿ ಗೆರೆಗಳು ಓಡುತ್ತಿದ್ದವು. ಇಡ್ಲಿ ತಟ್ಟೆಯ ಅಗಲ ಎಷ್ಟೆಂದು ನನಗೆ ಗೊತ್ತು. ಕಾಗದದ ಮೇಲೆ ಅದು ಎಷ್ಟಾಯಿತು ಎಂದು ನೋಡಿ, ಅದೇ ಲೆಕ್ಕದಲ್ಲಿ ಉಳಿದದ್ದನ್ನು ದೊಡ್ಡದು ಮಾಡಿಕೊಂಡು ಹೋದೆ. ಮೂರು ದಿನದಲ್ಲಿ ವಿಮಾನದ ಮೈ ಸಿಕ್ಕಿತು. ಒಂದೊಂದು ಅಂಚಿನಲ್ಲೂ ಅಣ್ಣನ ಸುತ್ತಿಗೆಯ ಏಟು ಕಾಣುತ್ತಿತ್ತು.

ನಾಲ್ಕನೆಯ ದಿನ ಬಾಗಿಲಿಗೆ ಬಂದೆವು. ಅರ್ಧ ತೆರೆದ ಬಾಗಿಲು, ನಾಯಕ ಇಣುಕುತ್ತಾನೆ, ಅವಘಡದ ದಿನ ಊಟಕ್ಕೆ ಮುಂಚೆ ತೆಗೆದ ದೃಶ್ಯ. ಆ ದೃಶ್ಯವನ್ನು ನಾನು ಮೊದಲೂ ನೋಡಿದ್ದೆ, ಆದರೆ ಕಪ್ಪು ಬಿಳುಪಿನಲ್ಲಿ. ಈಗ ಕೆಳಗೆ, ಎಡಗಡೆಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಇತ್ತು.

“ನಿಲ್ಲಸ್ರಿ,” ಎಂದೆ.

ಆಕೆ ನಿಲ್ಲಿಸುವಷ್ಟರಲ್ಲಿ ಚುಕ್ಕೆ ಇರಲಿಲ್ಲ. ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು. ಕೆಂಪು ಅರಿವೆ. ಎಡಗಡೆಯ ಕೀಲು, ಅಣ್ಣ ಹಾಕಿದ್ದ ಹಾಗೆಯೇ ಇದೆ. ನಾಯಕ ಇನ್ನೂ ಸುಮ್ಮನೆ ನಿಂತಿದ್ದಾನೆ. ಅಷ್ಟರಲ್ಲಿ ಮೂಲೆಯಿಂದ ಒಂದು ಕೈ ಬಂದು ಅರಿವೆಯನ್ನು ಹಿಡಿದು ಎಳೆದು, ಕೀಲಿನ ಸಮೇತ ಮಾಯವಾಗುತ್ತದೆ. ಆಮೇಲೆ ನಾಯಕ ಕಣ್ಣರಳಿಸುತ್ತಾನೆ. ಕೈಯಲ್ಲಿ ಕಡಗ ಇತ್ತು.

“ಇದು ಆ್ಯಕ್ಷನ್ ಹೇಳೋಕೆ ಮುಂಚಿನ ತುಂಡು. ಕ್ಯಾಮೆರಾ ಆಗಲೇ ಓಡ್ತಾ ಇದೆ. ಶಾಟ್ ಚಿಕ್ಕದಾಯ್ತು, ಬೇರೆ ಫಿಲ್ಮ್ ಇರ್ಲಿಲ್ಲ, ಅದಕ್ಕೆ ಎಡಿಟರ್ ಇದನ್ನೂ ಸೇರಿಸಿದಾರೆ,” ಎಂದಳು. ಪರದೆಯ ಮೇಲಿನ ಕಡಗಕ್ಕೆ ಬೆರಳಿಟ್ಟು, “ಇದು ಯಾರ ಕೈ ಅಂತ ನನಗೆ ಗೊತ್ತು,” ಎಂದಳು.

ನಾನು ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತೆ. ನನಗೆ ಮೊದಲು ನೆನಪಾದದ್ದು ಅವನಲ್ಲ, ಆಸ್ಪತ್ರೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ ಅಣ್ಣ. ಅಣ್ಣ ಎರಡೂ ಹಾಕಿದ್ದ. ಅವನು ಹೇಳಿದ್ದ. ನಾನು ನಂಬಿರಲಿಲ್ಲ, ಎರಡು ವರ್ಷ ನಂಬಿರಲಿಲ್ಲ. ಅವನ ಪರವಾಗಿ ಸಿಟ್ಟು ಮಾಡಿಕೊಂಡು ಓಡಾಡಿದ್ದೆನೇ ಹೊರತು, ಒಳಗೆ ಒಂದು ಮೂಲೆಯಲ್ಲಿ, ಪಾಪ, ಮರೆತಿರಬೇಕು ಎಂದೇ ಅಂದುಕೊಂಡಿದ್ದೆ. ಅಂಥ ಅನುಮಾನವನ್ನು ಒಡಹುಟ್ಟಿದವನ ಮನಸ್ಸಿನಲ್ಲಿ ಬಿತ್ತಿ ಹೋದವನಿಗೆ ನಾಲ್ಕು ಬೆರಳು ಹೋದರೆ ಸಾಲದು ಎನ್ನಿಸಿತು. ಕೈ ಕಳೆದುಕೊಂಡರೆ ಜನ ಅವನನ್ನು ಅಯ್ಯೋ ಅನ್ನುತ್ತಾರೆ. ಅವನನ್ನು ಯಾರೂ ಅಯ್ಯೋ ಅನ್ನಬಾರದು.

ಒಳಗೆ ಬಂದು ಮೆತ್ತಗಿನ ಕೊಂಡಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ ಗುಜರಿಗೆ ಎಸೆದೆ. ಬಾಗಿಲಿಗೆ ಗಟ್ಟಿ ಉಕ್ಕಿನ ಕೊಂಡಿ ಹಾಕಿದೆ. ಕೀಲುಗಳ ಬದಲು, ಬೀಗದ ಕೈ ಇಲ್ಲದೆ ಬಿಚ್ಚಲು ಬಾರದ ಬೋಲ್ಟು ಮಾಡಿದೆ. ವಿಮಾನವನ್ನು ಹದಿನಾಲ್ಕು ತುಂಡಾಗಿ ಕಟ್ಟಿದೆ. ಯಾವುದಕ್ಕೆ ಯಾವುದು, ಯಾವುದು ಮೊದಲು ಎಂಬ ಗುರುತು ಒಂದರ ಮೇಲೂ ಹಾಕಲಿಲ್ಲ.

ಪೂಜೆಯ ದಿನ ಬೆಳಿಗ್ಗೆ ಗೋದಾಮಿನಲ್ಲಿ ಊರೇ ಸೇರಿತ್ತು. ಮಿಲ್ಲಿನ ಸಾಹುಕಾರರು, ಓಣಿಯ ಹಿರಿಯರು, ನಟ ನಟಿಯರು, ಟಿ.ವಿ. ಕಡೆಯ ಒಬ್ಬ ಅಧಿಕಾರಿ. ಮುಂದಿನ ಸಾಲಿನಲ್ಲಿ ಹಾರ ಹಾಕಿಸಿಕೊಂಡು ಅವನು. ಅಣ್ಣನನ್ನು ನಾನೇ ಹಟ ಹಿಡಿದು ಕರೆತಂದಿದ್ದೆ. ಹಿಂದೆ, ಗೋದಾಮಿನ ಬಾಗಿಲ ಪಕ್ಕ, ಬಲಗೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಿಂತಿದ್ದ. ಕಾಯಿ ಒಡೆದ ಮೇಲೆ ಹಳೇ ಧಾರಾವಾಹಿಯ ಒಂದು ಕಂತು ತೋರಿಸುವುದೆಂದು ನಿರ್ದೇಶಕರೇ ನಿಶ್ಚಯಿಸಿದ್ದರು. ಯಾವ ಕಂತು ಎನ್ನುವುದನ್ನು ಆ ಹೆಣ್ಣುಮಗಳು ನನಗೆ ಬಿಟ್ಟಿದ್ದಳು.

ಪರದೆಯ ಮೇಲೆ ಬಾಗಿಲು ಅರ್ಧಕ್ಕೆ ನಿಂತಿತು. ಕೈ ಬಂತು, ಹೋಯಿತು. ಯಾರೂ ಗಮನಿಸಲಿಲ್ಲ. ನಾನು ಎದ್ದು ಹೋಗಿ ಡೆಕ್ಕಿನ ಗುಂಡಿ ಒತ್ತಿ ಹಿಂದಕ್ಕೆ ಓಡಿಸಿದೆ.

“ಯಾಕಪ್ಪಾ?” ಎಂದರು ನಿರ್ದೇಶಕರು.

“ಒಂದು ನಿಮಿಷ್ರಿ. ಎಲ್ಲಾರೂ ಎಡಗಡಿ ಮೂಲಿ ನೋಡ್ರಿ.”

ಎರಡನೆಯ ಸಲಕ್ಕೆ ಗೋದಾಮಿನಲ್ಲಿ ಗುಜುಗುಜು ಎದ್ದಿತು. ಅವನು ಎದ್ದು ನಿಂತ. “ಏನ್ರೀ ಇದು ನಾಟಕ? ಆಫ್ ಮಾಡಿ ಅದನ್ನ!”

“ಕೂಡ್ರಿ,” ಎಂದರು ಮಿಲ್ಲಿನ ಸಾಹುಕಾರರು, ಅವನ ಕಡೆ ನೋಡದೆ. “ಇನ್ನೊಮ್ಮೆ ಹಾಕಪ.”

ಮೂರನೆಯ ಸಲ ಕೈ ಬಂದ ಜಾಗಕ್ಕೆ ಸರಿಯಾಗಿ ನಿಲ್ಲಿಸಿದೆ. ಚಿತ್ರ ನಡುಗುತ್ತಿತ್ತು, ಆದರೂ ಕೆಂಪು ಅರಿವೆ, ಬೆರಳು, ಕಡಗ ಕಾಣುತ್ತಿದ್ದವು. ಅದೇ ಕಡಗ ಮುಂದಿನ ಸಾಲಿನಲ್ಲೂ ಇತ್ತು. ಅವನು ಕೈಯನ್ನು ಹಾರದ ಹಿಂದಕ್ಕೆ ಸರಿಸಿದ. ಆ ಚಲನೆಯನ್ನು ಎಲ್ಲರೂ ನೋಡಿದರು.

“ಊಟದ ಮುಂಚೆ ಈ ಕೀಲಾ ತಗದವ್ರು ನೀವು. ದವಾಖಾನಿಗೆ ಬಂದು, ಹಾಕಾಕ ಮರತಾನ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದವ್ರೂ ನೀವು. ಹೌದೋ ಅಲ್ಲೋ?” ಎಂದು ಕೇಳಿದೆ.

ಅವನು ನಿರ್ದೇಶಕರ ಕಡೆ ನೋಡಿದ. ಅವರು ನೆಲ ನೋಡುತ್ತಿದ್ದರು.

“ಕ್ಯಾಮೆರಾದಲ್ಲಿ ಹೊಳೀತಾ ಇತ್ತು… ಎರಡು ನಿಮಿಷ ಅಂತ ತೆಗೆದೆ,” ಎಂದ. “ಊಟಕ್ಕೆ ಬಿಟ್ರು. ಮರೆತೆ.”

“ಮರತಿದ್ದು ತಪ್ಪಲ್ಲ,” ಎಂದೆ. “ಕಾಗದಾ ಬರದಿದ್ದು ಮರತು ಬರದಿದ್ದಲ್ಲ.”

ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದು, “ಏನು ಬೇಕು ಹೇಳಿ. ಮಧ್ಯಾಹ್ನ ಶೂಟಿಂಗ್ ಶುರು ಆಗ್ಬೇಕು,” ಎಂದರು. ದನಿ ತಗ್ಗಿಸದೆ ಎಲ್ಲರಿಗೂ ಕೇಳುವಂತೆ ಹೇಳಿದೆ. ಆ ಹಳೇ ಕಾಗದ ಹರಿಯಬೇಕು. ಆದದ್ದನ್ನು ಅವನು ತನ್ನ ಕೈಯಿಂದ ಬರೆದು ಇಲ್ಲೇ ಓದಬೇಕು. ಧಾರಾವಾಹಿಯಲ್ಲಿ ಅವನ ಹೆಸರು ಬರಬಾರದು. ಅಣ್ಣನ ಹೆಸರು ಬರಬೇಕು. ಅಲ್ಲಿಯವರೆಗೆ ಹದಿನಾಲ್ಕು ತುಂಡು ಹಾಗೇ ಬಿದ್ದಿರುತ್ತವೆ. ಜೋಡಿಸುವ ಬೇರೆಯವರು ಸಿಕ್ಕರೆ ಕರೆದುಕೊಂಡು ಬರಬಹುದು.

ಅವನು ಬರೆದ. ಹೊಸ ಅಂಗಿಯ ತೋಳಿಗೆ ಬೆವರು ಒರೆಸಿಕೊಳ್ಳುತ್ತ ಓದಿದ. ದನಿ ಸಾಲದೆಂದು ನಾನು ಇನ್ನೊಮ್ಮೆ ಓದಿಸಿದೆ. ಹಾಗೆ ಮಾಡುವ ಅಗತ್ಯವಿರಲಿಲ್ಲ. ಆದರೂ ಓದಿಸಿದೆ. ಹಳೇ ಕಾಗದ ನಿರ್ದೇಶಕರ ಫೈಲಿನಲ್ಲೇ ಇತ್ತು. ಹರಿದು ಅಣ್ಣನ ಎಡಗೈಗೆ ಕೊಟ್ಟರು. ಜನ ಅಣ್ಣನ ಸುತ್ತ ನೆರೆದರು. ಅವನು ಅಂದದ್ದು ಇಷ್ಟೇ: “ಎರಡೂ ಹಾಕಿದ್ದೆ ಅಂತ ನಾ ಅವತ್ತ ಹೇಳಿದ್ದೆ.” ಅದನ್ನು ಊರಿಗೆ ಹೇಳಿದನೋ ನನಗೆ ಹೇಳಿದನೋ, ನೋಡಿದ್ದು ಮಾತ್ರ ನನ್ನನ್ನೇ.

ಕಲಾ ನಿರ್ದೇಶಕ ಹರಪನಹಳ್ಳಿ ಕಡೆಯ ಬಸ್ಸಿಗೆ ಹೋದ. ವಿಮಾನ ಜೋಡಿಸುವ ಕೆಲಸ ಬಿಟ್ಟು ನಾನು ಬಸ್ ನಿಲ್ದಾಣದವರೆಗೆ ಹೋದೆ. ಅವನು ಪೆಟ್ಟಿಗೆ ಎತ್ತಿಕೊಂಡು, ಜಾಗ ಸಿಗದೆ, ಬಾಗಿಲಲ್ಲಿ ಜೋತು ನಿಂತು ಹೋಗುವುದನ್ನು ಪೂರ್ತಿ ನೋಡಿದೆ. ತಿರುಗಿ ಬರುವಾಗ ಹೋಟೆಲಿನಲ್ಲಿ ಕೂತು ಎರಡು ಪ್ಲೇಟು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆ. ಅಷ್ಟು ಹಸಿವಾಗಿ ಎಷ್ಟೋ ದಿನವಾಗಿತ್ತು.

ಎರಡನೆಯ ಭಾಗ ಟಿ.ವಿ.ಯಲ್ಲಿ ಬಂದಾಗ ‘ನೌಕೆಯ ನಿರ್ಮಾಣ’ ಎಂದು ಅಣ್ಣನ ಹೆಸರು ಬಂತು. ಮಿಲ್ಲಿನವರು ಮತ್ತೊಂದು ತೊಟ್ಟಿ ಕಟ್ಟಿಸಲು ಮನೆಗೇ ಬಂದು ಕೇಳಿದರು. ಅಣ್ಣ ಕೂತು ಅಳತೆ ಹೇಳುತ್ತಿದ್ದ, ನಾನು ಕತ್ತರಿಸುತ್ತಿದ್ದೆ. ಎಡಗೈಯಿಂದ ಗುರುತು ಹಾಕುವುದನ್ನೂ ಕಲಿತ.

ಮುಂದಿನ ವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಆ ಕಲಾ ನಿರ್ದೇಶಕ ಅಂಗಡಿಗೆ ಬಂದ. ಸೊರಗಿದ್ದ. ಆ ಕಥೆ ಬೆಂಗಳೂರಿನಲ್ಲೆಲ್ಲ ಹಬ್ಬಿ, ಅವನನ್ನು ಕೆಲಸಕ್ಕೆ ಯಾರೂ ಕರೆಯುತ್ತಿರಲಿಲ್ಲವಂತೆ. ಒಬ್ಬ ನಿರ್ಮಾಪಕರು ಮಾತ್ರ, ಆ ತಗಡಿನ ಕೆಲಸದವರು ನಿಮ್ಮ ಮೇಲೆ ತಮಗೆ ದೂರಿಲ್ಲವೆಂದು ಬರೆದುಕೊಟ್ಟರೆ ನೋಡೋಣ ಎಂದಿದ್ದರಂತೆ.

ಅಣ್ಣ ನೀರು ಕೊಡಿಸಿದ, ಕೂಡಿಸಿದ. ಆಮೇಲೆ ನನ್ನ ಕಡೆ ತಿರುಗಿ, “ಬರದು ಕೊಡು,” ಎಂದ.

“ನಾ ಬರಿಯೂದಿಲ್ಲ.”

“ಕೈ ಹೋಗಿದ್ದು ನಂದು. ನಾ ಹೇಳಾಕತ್ತೀನಿ, ಬರಿ.”

“ಕೈ ನಿಂದು ಹೋತು. ನೀ ಬಿಟ್ರ ಬಿಡು,” ಎಂದೆ. “ನೀ ಸುಳ್ಳ ಹೇಳ್ತಿ ಅಂತ ಎರಡು ವರ್ಷ ಅನ್ಕೊಂಡಾಂವ ನಾನು. ಅದು ನಂದು ಹೋಗೈತಿ. ಅದನ್ನ ನಾ ಬಿಡೂದಿಲ್ಲ.”

ಅಣ್ಣ ಆ ಮಾತು ಮೊದಲ ಸಲ ಕೇಳಿದ್ದು. ಕಲಾ ನಿರ್ದೇಶಕ ಎದ್ದು, ಇಬ್ಬರಿಗೂ ಕೈ ಮುಗಿದು ಬಿಸಿಲಿಗೆ ಇಳಿದ. ಅಣ್ಣ ಚಪ್ಪಲಿ ಮೆಟ್ಟಿಕೊಂಡು ಅವನ ಜೊತೆ ಬಸ್ಸಿನವರೆಗೆ ಹೋದ. ನಾನು ಕತ್ತರಿ ಕೈಗೆ ತೆಗೆದುಕೊಂಡೆ. ಅಣ್ಣ ತಿರುಗಿ ಬಂದಾಗ ಕೆಲಸ ಅರ್ಧ ಆಗಿತ್ತು. ನನ್ನ ಎದುರಿಗೆ ಕೂತು ತಗಡಿನ ಇನ್ನೊಂದು ತುದಿಯನ್ನು ಎಡಗೈಯಿಂದ ಒತ್ತಿ ಹಿಡಿದ. ನಾನು ಕತ್ತರಿಸಿದೆ. ಕಾಗದದ ಮಾತನ್ನು ಆಮೇಲೆ ಅವನು ಎತ್ತಲಿಲ್ಲ. ನಾನು ಇವತ್ತಿನವರೆಗೂ ಬರೆದು ಕೊಟ್ಟಿಲ್ಲ.